ಉಡಿ ತುಂಬಿ ಹಚ್ಚಿದ ಕ್ಯಾಮೆರಾ

ನನ್ನ ಹೆಂಡತಿ ಗಿರಿಜಾ ಸೋಮವಾರದಿಂದ ಮಾಳಿಗೆ ಹತ್ತಿಲ್ಲ. ಸುಡು ಬಿಸಿಲು, ಶಾವಿಗೆ ಒಣಹಾಕುವ ಕಾಲ. ಆದರೂ ಹತ್ತಿಲ್ಲ. ನಾನಾದರೂ ಹತ್ತಿದ್ದೇನೆಯೇ? ಇಲ್ಲ. ನನಗೂ ಭಯ. (ಅಂಕಣ ಬರೆಯುವವರು ಧೈರ್ಯಸ್ಥರು ಎಂದುಕೊಂಡಿದ್ದರೆ ಇವತ್ತೇ ಆ ಅಭಿಪ್ರಾಯ ಬಿಟ್ಟುಬಿಡಿ.)

ಗಂಗಾವತಿಯಲ್ಲಿ ನಮ್ಮದು ಮೂಲೆ ಮನೆ. ಎಡಕ್ಕೆ ಶರಣಪ್ಪನವರ ರೈಸ್ ಮಿಲ್, ಬಲಕ್ಕೆ ಪಂಪನಗೌಡರದು. ಎದುರಿಗೆ ಭತ್ತದ ಲಾರಿಗಳು ನಿಲ್ಲುವ ಬಯಲು. ಆ ಬಯಲು ಯಾರ ಹಿಡಿತದಲ್ಲಿರಬೇಕು ಎಂದು ಇಬ್ಬರಿಗೂ ಹಳೆಯ ಜಿದ್ದು. ಯಾರ ಲಾರಿಯಾದರೂ ನಮ್ಮ ಮೂಲೆ ತಿರುಗಿಯೇ ಹೋಗಬೇಕು. ಅಂದರೆ ಮನೆ ಪುಟ್ಟದು, ಜಾಗ ಮಾತ್ರ ಭಾರಿ ಆಯಕಟ್ಟಿನದು.

ಇದು ನಮಗೆ ಗೊತ್ತಿರಲಿಲ್ಲ. ಶರಣಪ್ಪನವರಿಗೆ ಗೊತ್ತಿತ್ತು.

ಒಂದು ಮುಂಜಾನೆ ಹೆಂಡತಿಯನ್ನು ಕರೆದುಕೊಂಡು ಬಂದರು. “ಕಾಕಾ, ನಿಮ್ಮ ಮಾಳಿಗಿ ಮ್ಯಾಲ ಒಂದ್ ಸಿಸಿ ಕ್ಯಾಮೆರಾ ಹಚ್ಚತೀವ್ರಿ. ಖರ್ಚೆಲ್ಲಾ ನಂದು. ನಿಮ್ಮ ಸೇಫ್ಟಿ ಸಲುವಾಗಿ.”

“ಗೌಡ್ರು ಏನರ ಅಂದ್ಕೊಂಡಾರು?” ಎಂದೆ.

“ಏ, ಇದು ಯಾರ ಮ್ಯಾಲೂ ಅಲ್ಲ ಬಿಡ್ರಿ!”

ನಾನು ಯೋಚಿಸುತ್ತಿರುವಾಗಲೇ ಅವರ ಹೆಂಡತಿ ಗಿರಿಜಾಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿಬಿಟ್ಟಿದ್ದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ. ಮಧ್ಯಾಹ್ನದೊಳಗೆ ಕ್ಯಾಮೆರಾ ಏರಿತು.

ಸಂಜೆ ನನಗೆ ಯಾಕೋ ಕಸಿವಿಸಿ. ಅದನ್ನೆಲ್ಲ ವಾಪಸ್ ಕೊಟ್ಟು ಕ್ಯಾಮೆರಾ ತೆಗೆಸೋಣವೇ ಎಂದೆ. ಗಿರಿಜಾ ಸಿಡಿದಳು. “ತುಂಬಿದ ಉಡಿ ಹೊಳ್ಳಿ ಕೊಡ್ತಾರೇನ್ರಿ? ನಮ್ಮ ತವರೂರು ತಾವರಗೇರಾದಾಗ ಕೇಳಿದ್ರ ಮಕಕ್ಕ ಉಗುಳ್ತಾರ!”

ಸರಿಯೇ. ಸೀರೆ ಕೊಟ್ಟಿದ್ದರೆ ಮರಳಿಸಬಹುದಿತ್ತು. ಉಡಿ ಮರಳಿಸುವುದೆಂದರೆ ತುಂಬಿದವರಿಗೆ ಕೆಡುಕು ಬಯಸಿದಂತೆ. ಇಂಥ ಒಪ್ಪಂದಕ್ಕೆ ಸಹಿಯೂ ಬೇಕಿಲ್ಲ, ವಕೀಲರೂ ಬೇಕಿಲ್ಲ.

ಎರಡು ದಿನಕ್ಕೆ ಪಂಪನಗೌಡರು ಬಂದರು, ಅವರೂ ಹೆಂಡತಿಯೊಂದಿಗೆ. ಬೈಯಲಿಲ್ಲ. ಬೈದಿದ್ದರೆ ನಿರಾಳವಾಗುತ್ತಿತ್ತು. “ಕ್ಯಾಮೆರಾ ಹಚ್ಚಿಸೀರಿ, ಭಾಳ ಛಲೋ ಆತು. ನಮ್ಮದೂ ಒಂದ್ ಫೋಕಸ್ ಲೈಟ್ ಇರಲಿ ಸರ್. ಒಂದ ಕಡೀಗೆ ವಾಲಬಾರದ್ರಿ.” ಮತ್ತೆ ಮಣೆ, ಮತ್ತೆ ಉಡಿ. ಲೈಟು ನೇರ ಶರಣಪ್ಪನವರ ಗೇಟಿಗೆ ಮುಖ ಮಾಡಿ ನಿಂತಿತು.

ನಾನೋ, ಒಳಗೊಳಗೇ ಬೀಗಿದೆ. ಇಬ್ಬರನ್ನೂ ಹೇಗೆ ಬ್ಯಾಲೆನ್ಸ್ ಮಾಡಿದೆ ನೋಡಿ!

ಆ ರಾತ್ರಿ ಟಿವಿಯಲ್ಲಿ ಒಂದು ಪುಟ್ಟ ದ್ವೀಪ ದೇಶದ ಸುದ್ದಿ ಬಂತು. ಒಬ್ಬ ದೊಡ್ಡಣ್ಣ ಬಂದರು ಕಟ್ಟಿಕೊಡುತ್ತಾನಂತೆ. ಇನ್ನೊಬ್ಬ ಗಸ್ತಿನ ಹಡಗು, ರಾಡಾರ್ ಕೊಡುತ್ತಾನಂತೆ. ಅಮೆರಿಕವಿರಲಿ, ಚೀನಾ ಇರಲಿ, ನೆರೆದೇಶಕ್ಕೆ ಹೋಗುವ ನಮ್ಮ ಭಾರತವೇ ಇರಲಿ, ಎಲ್ಲರದೂ ಒಂದೇ ಮಾತು: ಈ ಸಹಭಾಗಿತ್ವ ಯಾರ ವಿರುದ್ಧವೂ ಅಲ್ಲ. ಕೇಳಿದ ಮಾತು ಅನ್ನಿಸಿತು. ಎಲ್ಲಿ ಕೇಳಿದ್ದೆ? ನಮ್ಮ ಪಡಸಾಲೆಯಲ್ಲೇ!

ಮರುದಿನದಿಂದ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಲಾರಿಗಳು ನಮ್ಮ ಮೂಲೆಯಲ್ಲಿ ನಿಧಾನವಾಗುತ್ತವೆ. ಎರಡೂ ಗೇಟಿನ ಆಳುಗಳು ತಲೆ ಎತ್ತಿ ನಮ್ಮ ಮಾಳಿಗೆ ನೋಡುತ್ತಾರೆ. ನಾನು ಹಾಲು ತರಲು ಹೋದರೆ ಅಂಗಡಿಯಲ್ಲಿ ಮಾತು ನಿಲ್ಲುತ್ತದೆ. ನಾನು ಯಾರ ಕಡೆಯವನು? ಅವರಿಗೆ ಅದು ಗೊತ್ತಾಗಬೇಕಿತ್ತು. ನನಗೇ ಗೊತ್ತಿರಲಿಲ್ಲ.

ಪ್ರತಿ ಬೇಸಿಗೆ ಎರಡೂ ಮನೆಯ ಹೆಂಗಸರು ಸೇರಿ ನಮ್ಮ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದರು. ಹರಟೆ, ನಗು, ಚಹಾ. ಈ ಸಲ ಗೌಡರ ಸೊಸೆ ಬಾಗಿಲಲ್ಲೇ ನಿಂತು ಹೇಳಿ ಹೋದಳು: “ಕ್ಯಾಮೆರಾದಾಗ ಕಾಣ್ತೀರಿ, ಹೋಗಬ್ಯಾಡ್ರಿ ಅಂತ ಮಾವ ಅಂದಾರ್ರಿ ವೈನಿ.” ಶರಣಪ್ಪನವರ ಕಡೆಯವರು ಅದನ್ನೂ ಹೇಳಲಿಲ್ಲ. ಸೋಮವಾರ ಗಿರಿಜಾ ಒಬ್ಬಳೇ ಹತ್ತಿದಳು.

ಕಲ್ಲು ಎಲ್ಲಿಂದ ಬಂತೋ. ಅವಳ ತಲೆಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿದು ಚೂರಾಯಿತು. ಕೆಳಗೆ ಬಂದವಳ ಕೈಯಲ್ಲಿ ಇನ್ನೂ ಹಸಿ ಶಾವಿಗೆ. ಕೆನ್ನೆಗೆ ಚೂರು ತಾಗಿ ರಕ್ತ. ಅವಳನ್ನು ಪಡಸಾಲೆಯಲ್ಲಿ ಕೂರಿಸಿದೆ.

ಸಪ್ಪಳಕ್ಕೆ ಇಬ್ಬರೂ ಓಡಿಬಂದರು.

“ಕ್ಯಾಮೆರಾಕ್ಕೇನೂ ಆಗಿಲ್ಲಲ್ರಿ?” ಶರಣಪ್ಪ.

“ಲೈಟ್ ಒಡದಿಲ್ಲಲ್ರಿ?” ಗೌಡರು.

ಗಿರಿಜಾ ಸೆರಗಿನಿಂದ ಕೆನ್ನೆ ಒತ್ತಿಕೊಂಡು ಇಬ್ಬರ ಮುಖವನ್ನೂ ನೋಡಿದಳು. “ಒಗದವರ್‍ಯಾರು ತೋರಸ್ರಿ. ಕ್ಯಾಮೆರಾ ಐತೆಲ್ಲ?”

ಶರಣಪ್ಪ ಮೊಬೈಲ್ ತೆರೆದರು. ಗೌಡರ ಗೇಟು ಕಂಡಿತು. ಅವರ ಲಾರಿಯ ನಂಬರ್ ಕೂಡ ಓದಬಹುದಿತ್ತು. ಬಯಲು ಅಂಚಿನವರೆಗೂ ಕಂಡಿತು.

“ನಮ್ಮ ಮಾಳಿಗಿ ಎಲ್ಲೈತ್ರಿ?” ಎಂದಳು ಗಿರಿಜಾ.

“ಅದು... ಈ ಕಡೀಗೆ ತಿರುಗಿಲ್ರಿ ಕಾಕಿ.”

ಕ್ಯಾಮೆರಾ ಅಲ್ಲೇ ಇದೆ, ಲೈಟೂ ಇದೆ. ಒಂದನ್ನು ತೆಗೆಸಿದರೆ ಒಬ್ಬರಿಗೆ ವೈರಿ. ಎರಡನ್ನೂ ತೆಗೆಸಿದರೆ ಇಬ್ಬರಿಗೂ. ಗಿರಿಜಾ ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತಿದ್ದಾಳೆ. ನಾನು ಹಾಲಿಗೆ ಸುತ್ತು ದಾರಿ ಹಿಡಿದಿದ್ದೇನೆ.

ನಮ್ಮ ಸೇಫ್ಟಿಗೆಂದು ಹಚ್ಚಿದ ಕ್ಯಾಮೆರಾದಲ್ಲಿ ನಾವೇ ಕಾಣುವುದಿಲ್ಲ. ಆ ದ್ವೀಪದ ಜನ ಯಾವ ಧೈರ್ಯದ ಮೇಲೆ ರಾತ್ರಿ ಕಣ್ಣು ಮುಚ್ಚುತ್ತಾರೆ?