ನಾಲಿಗೆಗೆ ಅಂಟಿದ ಕೊಳವೆ

ಆಗಿನ್ನೂ ಜಯನಗರದ ನಮ್ಮ ರಸ್ತೆಯಲ್ಲಿ ಹಗಲು ಹೊತ್ತು ನಡುಬೀದಿಯಲ್ಲೇ ಲಗೋರಿ ಆಡಬಹುದಿತ್ತು. ತೊಂಬತ್ತರ ದಶಕದ ಮಾತು. ಸ್ಕೂಟರು ಬಂದರೆ ಬಿಲ್ಲೆಗಳನ್ನು ಬದಿಗೆ ಸರಿಸಿ, ಅದು ಹೋದ ಮೇಲೆ ಮತ್ತೆ ಜೋಡಿಸುತ್ತಿದ್ದೆವು. ಆಟ ಸಾಕಾದರೆ ಕಾಂಪೌಂಡ್ ಹತ್ತಿ ಕೂತು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುವುದು. ಐದನೇ ಕ್ಲಾಸ್ ಮುಗಿದ ಬೇಸಿಗೆ ರಜದಲ್ಲಿ ಮಾತ್ರ ನಾನು ಆಟಕ್ಕೂ ಹೋಗಲಿಲ್ಲ, ಕಾಂಪೌಂಡೂ ಹತ್ತಲಿಲ್ಲ. ತಾತನ ಕಾರಿನ ಹಿಂದೆ ಬಿದ್ದಿದ್ದೆ.

ಕೆಳಗಿನ ಮನೆಯಲ್ಲಿ ದೊಡ್ಡಪ್ಪ, ಮಹಡಿಯಲ್ಲಿ ನಾವು. ತಾತ ತೀರಿಕೊಂಡ ಮೇಲೆ ಅವರ ನೀಲಿ ಕಾರು ಹಿರಿಮಗನ ಹೆಸರಿಗೆ ಹೋಯಿತು, ಅದನ್ನು ಒರೆಸುವ ಕೆಲಸ ಕಿರಿಮಗನ ಪಾಲಿಗೆ ಬಂತು. ಕಿರಿಮಗ ಅಂದರೆ ನಮ್ಮಪ್ಪ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಗಾಡಿ ರಿಪೇರಿಯನ್ನು ಯಾರ ಹತ್ತಿರವೂ ಕಲಿತವನಲ್ಲ, ತಾತನ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತು ಅಷ್ಟಿಷ್ಟು ತಿಳಿದುಕೊಂಡಿದ್ದ. ಆ ಕಾರು ಎಳೆಯುತ್ತಿರಲಿಲ್ಲ, ಬೇಗ ಕಾಯುತ್ತಿತ್ತು, ಪೆಟ್ರೋಲನ್ನು ನೀರು ಕುಡಿದ ಹಾಗೆ ಕುಡಿಯುತ್ತಿತ್ತು. ಗುಜರಿಗೆ ಹಾಕುವುದೆಂದು ದೊಡ್ಡಪ್ಪ ತೀರ್ಮಾನಿಸಿದ್ದರು.

ಯುಗಾದಿ ದಿನ ಎಲ್ಲರೂ ಕೆಳಗೇ ಊಟಕ್ಕೆ ಕೂತಿದ್ದೆವು. ಅಪ್ಪ ಎಲೆ ನೋಡಿಕೊಂಡೇ, "ಅಣ್ಣ, ಅಪ್ಪನ ಕಾರು ಗುಜರಿಗೆ ಬೇಡ" ಅಂದ.

ದೊಡ್ಡಪ್ಪ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ನಕ್ಕರು. "ಓಡೋ ಹಾಗೆ ಮಾಡು, ನೀನೇ ಇಟ್ಕೋ. ನನಗ್ಯಾಕೋ ಆ ಡಬ್ಬ?"

ಇದನ್ನು ಅಮ್ಮ ಕೇಳಿದಳು, ನಾನೂ ಕೇಳಿದೆ. ಬೇವು ಬೆಲ್ಲ ತಿಂದ ಬಾಯಿಂದ ಬಂದ ಮಾತು ಸುಳ್ಳಾಗುವುದಿಲ್ಲ ಅಂತ ನಂಬುವ ವಯಸ್ಸು ನನ್ನದು. ಅಪ್ಪನಿಗಂತೂ ಆ ವಯಸ್ಸು ದಾಟಿತ್ತು. ಆದರೂ ನಂಬಿದ.

ಅಪ್ಪ ಮೊದಲು ಪ್ಲಗ್ ಬದಲಾಯಿಸಿದ. ಕಾರ್ಬೊರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಅದಕ್ಕೆ ಅಮ್ಮನ ಹಿಟ್ಟು ಕಲಸುವ ಬೇಸಿನ್ ಬಲಿಯಾಯಿತು. ಏನೂ ಪ್ರಯೋಜನವಾಗಲಿಲ್ಲ. ವಿಚಿತ್ರವೆಂದರೆ, ಆಕ್ಸಿಲರೇಟರ್ ಪೂರ್ತಿ ತುಳಿದು ದಿಬ್ಬ ಹತ್ತಿಸಿದರೆ ಕಾರು ಹತ್ತುತ್ತಿತ್ತು, ಸಮ ರಸ್ತೆಯಲ್ಲಿ ಹಗುರವಾಗಿ ತುಳಿದರೆ ಸೋಂಬೇರಿಯ ಹಾಗೆ ಮುಲುಕುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡ ಅಪ್ಪ ಒಂದು ಬೆಳಿಗ್ಗೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

"ವ್ಯಾಕ್ಯೂಮ್ ಡಬ್ಬಿ ಕಣೇ ಪುಟ್ಟಿ! ಬಾ ಕೆಳಗೆ."

ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ತಗಡಿನ ಡಬ್ಬಿ. ಅದರೊಳಗೆ ತೆಳುವಾದ ರಬ್ಬರ್ ಪೊರೆ. ಕಾರ್ಬೊರೇಟರ್ ಕಡೆಯಿಂದ ಬರುವ ಸಣ್ಣ ಕೊಳವೆ ಗಾಳಿ ಎಳೆದರೆ ಪೊರೆ ಹಿಂದಕ್ಕೆ ಸರಿಯುತ್ತದೆ, ಅದಕ್ಕೆ ಕಟ್ಟಿದ ಕಡ್ಡಿ ಡಿಸ್ಟ್ರಿಬ್ಯೂಟರ್ ಒಳಗಿನ ತಟ್ಟೆಯನ್ನು ತುಸು ತಿರುಗಿಸುತ್ತದೆ, ಕಿಡಿ ಸ್ವಲ್ಪ ಮುಂಚಿತವಾಗಿ ಹಾರುತ್ತದೆ. ಅದಕ್ಕೇ 'ಅಡ್ವಾನ್ಸ್' ಅನ್ನುವುದು. ಪೊರೆ ಹರಿದರೆ ಕಿಡಿ ತಡ, ಗಾಡಿ ಸುಸ್ತು. ಪರೀಕ್ಷೆಗೆ ಯಂತ್ರ ಗಿಂತ್ರ ಬೇಡ. ಕಾರ್ಬೊರೇಟರ್ ಕಡೆಯಿಂದ ಬಿಚ್ಚಿದ ಕೊಳವೆಯ ತುದಿಯನ್ನು ಬಾಯಲ್ಲಿ ಹೀರಿ, ತಕ್ಷಣ ನಾಲಿಗೆಯಿಂದ ಮುಚ್ಚಬೇಕು. ಕೊಳವೆ ನಾಲಿಗೆಗೆ ಅಂಟಿಕೊಂಡು ಉಳಿದರೆ ಡಬ್ಬಿ ಸರಿಯಿದೆ, ಜಾರಿದರೆ ತೂತು. ಅಪ್ಪ ಆ ಕಡೆ ಬಗ್ಗಿ ಟಾರ್ಚ್ ಬಿಟ್ಟು ತಟ್ಟೆ ನೋಡಬೇಕಿತ್ತು, ಹಾಗಾಗಿ ನಾಲಿಗೆ ನನ್ನದು. ಪೆಟ್ರೋಲ್, ಧೂಳು, ಹಳೇ ರಬ್ಬರ್ ಎಲ್ಲ ಸೇರಿದ ಕಹಿ.

"ಅಂಟ್ಕೊಂಡಿದ್ಯಾ?"

"ಇಲ್ಲ, ಗಾಳಿ ಬರ್ತಿದೆ."

ಅಪ್ಪ ಕುಣಿಯುವುದೊಂದು ಬಾಕಿ. ರೋಗ ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಹೊಸ ಡಬ್ಬಿ ಎಲ್ಲೂ ಸಿಗಲಿಲ್ಲ. ಜೆ.ಸಿ. ರೋಡಿನ ಹಳೇ ಸಾಮಾನಿನ ಅಂಗಡಿಯಿಂದ ಅಪ್ಪ ಒಂದು ತಂದು ಹಾಕಿದರೆ ಅದೂ ತೂತು. ಮರುದಿನ ನನ್ನನ್ನೇ ಕರೆದುಕೊಂಡು ಹೋದ. ಅಂಗಡಿ ಮುಂದೆ ನಿಂತು ಒಂದೊಂದೇ ಡಬ್ಬಿಯ ಮೂತಿಯನ್ನು ಒರೆಸಿ ಹೀರಿ ನೋಡಿದೆ. ಅಂಗಡಿಯ ಸಾಬರು ಹೊಟ್ಟೆ ಹಿಡಿದು ನಕ್ಕು, ಕೊನೆಗೆ ಪಾಪ ಅನ್ನಿಸಿ ಬಾದಾಮಿ ಹಾಲು ತರಿಸಿಕೊಟ್ಟರು. ಕೊನೆಗೂ ಒಂದು ಡಬ್ಬಿ ನಾಲಿಗೆಯನ್ನು ಗಟ್ಟಿಯಾಗಿ ಕಚ್ಚಿ ಹಿಡಿಯಿತು. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ.

ಭಾನುವಾರ ಬನಶಂಕರಿ ಗುಡಿಯ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಬನ್ನೇರುಘಟ್ಟ ರಸ್ತೆ ಹಿಡಿದೆವು. ಅರೆಕೆರೆ ದಾಟಿದರೆ ಆಗ ಬರೀ ಬಯಲು, ತೋಟ. ಕಾರು ಮುಲುಕಲಿಲ್ಲ. ಹುಳಿಮಾವಿನ ಕೆರೆ ಏರಿಯ ಹತ್ತಿರ ನಿಲ್ಲಿಸಿ ಅಮ್ಮ ಕಟ್ಟಿ ತಂದಿದ್ದ ಚಿತ್ರಾನ್ನ ತಿಂದೆವು. ಅಪ್ಪ ಬಾನೆಟ್ ಮುಟ್ಟಿ ನೋಡಿ, "ಇನ್ಮೇಲೆ ಇದು ನಮ್ದು" ಅಂದ. ಅವನ ಬಾಯಲ್ಲಿ 'ನಮ್ದು' ಅನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ದೊಡ್ಡಪ್ಪ ತಾವೇ ಓಡಿಸಿ ನೋಡಿದರು. ಮುಂದಿನ ವಾರ ಹಳೇ ಕಾರುಗಳ ಹುಚ್ಚಿನ ಶ್ರೀಮಂತರೊಬ್ಬರನ್ನು ಕಾರು ತೋರಿಸಲು ಶೆಡ್ಡಿಗೆ ಕರೆತಂದರು. ಅಪ್ಪನಿಗೆ ಮೊದಲೇ ಹೇಳಿರಲಿಲ್ಲ. ಅಪ್ಪ ಅಂಗೋಸ್ತ್ರದಲ್ಲಿ ಕೈ ಒರೆಸುತ್ತಾ ನಿಂತುಬಿಟ್ಟ. ಅಣ್ಣನ ಎದುರು ದನಿ ಎತ್ತುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅದನ್ನು ಮರ್ಯಾದೆ ಅನ್ನುತ್ತಿದ್ದರು. ಯಾರ ಮರ್ಯಾದೆ ಅಂತ ಯಾರೂ ಕೇಳುತ್ತಿರಲಿಲ್ಲ.

"ಅಡ್ವಾನ್ಸ್ ಸರಿಯಾಗಿ ಕೆಲಸ ಮಾಡುತ್ತಾ?" ಬಂದವರು ಕೇಳಿದರು. ವಿಷಯ ತಿಳಿದವರೇ.

"ಏ ಪುಟ್ಟಿ, ಬಾಯಿ ಹಾಕಿ ತೋರಿಸು ಸಾರ್‌ಗೆ" ಅಂದರು ದೊಡ್ಡಪ್ಪ.

ಹೀರಿದೆ. ಕೊಳವೆ ನಾಲಿಗೆಗೆ ಗಟ್ಟಿಯಾಗಿ ಅಂಟಿತು. ಅದನ್ನು ಕಿತ್ತು ಜೋರಾಗಿ ಹೇಳಿದೆ: "ಗಾಳಿ ಬರ್ತಿದೆ. ತೂತಾಗಿದೆ."

ಬಂದವರು ಹುಬ್ಬು ಗಂಟಿಕ್ಕಿ ಒಂದು ಹೆಜ್ಜೆ ಹಿಂದೆ ಸರಿದರು. ಕಾರು ಉಳಿಯಿತು ಅಂದುಕೊಂಡೆ. ಅಷ್ಟರಲ್ಲಿ ಅಪ್ಪ ನನ್ನ ಕೈಯಿಂದ ಕೊಳವೆ ಕಿತ್ತುಕೊಂಡ.

"ಸುಳ್ಳು ಹೇಳ್ಬೇಡ ಪುಟ್ಟಿ. ತೂತಿಲ್ಲ ಸಾರ್, ನಾನೇ ಹಾಕಿರೋದು." ತಾನೇ ಹೀರಿ, ನಾಲಿಗೆ ಚಾಚಿ ತೋರಿಸಿದ. ಕೊಳವೆ ನೇತಾಡುತ್ತಿತ್ತು, ಬೀಳಲಿಲ್ಲ.

ದೊಡ್ಡಪ್ಪ ಅವನ ಬೆನ್ನು ತಟ್ಟಿದರು. ಆ ವಾರವೇ ಕಾರು ಹೋಯಿತು.

ದೊಡ್ಡಪ್ಪನ ಮೇಲಿನ ಸಿಟ್ಟು ವರ್ಷ ಕಳೆದಂತೆ ತಣ್ಣಗಾಯಿತು. ಅಪ್ಪನ ಮೇಲಿನದು ಆರಲೇ ಇಲ್ಲ. ಒಂದು ತಗಡಿನ ಡಬ್ಬಿಯ ಪರವಾಗಿ ಬಾಯಿ ಬಿಟ್ಟವನಿಗೆ ತನ್ನ ಪರವಾಗಿ, ನನ್ನ ಪರವಾಗಿ ಬಾಯಿ ಬರಲಿಲ್ಲವಲ್ಲ. ಆಮೇಲೆ ಅವನು ಯಾವ ಗಾಡಿಯ ಬಾನೆಟ್ಟನ್ನೂ ಎತ್ತಲಿಲ್ಲ. ಆ ಮನೆ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿದೆ. ಅರೆಕೆರೆಯ ಬಯಲಿದ್ದ ಕಡೆ ಸಿಗ್ನಲ್ಲಿನಲ್ಲಿ ನಿಂತು ನಿಂತು ನನ್ನ ಕಾರು ಕಾಯುತ್ತದೆ. ಅದರೊಳಗೆ ಹೀರಿ ನೋಡುವಂಥದ್ದು ಏನೂ ಇಲ್ಲ. ಅಪ್ಪ ಜೆ.ಪಿ. ನಗರದಲ್ಲಿ ನನ್ನ ಜೊತೆಗೇ ಇದ್ದಾನೆ.

ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ: "ಅವತ್ತು ಸುಮ್ನಿದ್ದಿದ್ರೆ ಕಾರು ನಮ್ಗೇ ಉಳೀತಿತ್ತಲ್ಲಪ್ಪ. ಯಾಕೆ ಹಾಗೆ ಮಾಡಿದೆ?"

ಅಣ್ಣ ಕೊಟ್ಟ ಮಾತಿನ ಬಗ್ಗೆ ಈಗಲಾದರೂ ಅಪ್ಪನ ಬಾಯಿಂದ ಒಂದು ಮಾತು ಬಂದೀತು ಅಂತ ಕಾದೆ.

"ಅದರಲ್ಲಿ ತೂತಿರ್ಲಿಲ್ಲ ಪುಟ್ಟಿ" ಅಂದ.