ಮುಚ್ಚಳದಕ್ಕ ಬರೆದ ಏಳು

ಎಣ್ಣೆ ಬಾವಿ ಹುಡುಕುವ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಮುಚ್ಚಳದಕ್ಕ ಎಂದೇ ಕರೆಯುತ್ತಿದ್ದರು. ನೆಲದಡಿ ಎಣ್ಣೆ ಹುಟ್ಟಿದರಷ್ಟೇ ಸಾಲದು, ಅದರ ಮೇಲೆ ಬಿರುಕಿಲ್ಲದ ಕಲ್ಲಿನ ಮುಚ್ಚಳವೊಂದು ಕೂತಿರಬೇಕು. ಇಲ್ಲದಿದ್ದರೆ ಎಣ್ಣೆ ಎಂದೋ ಸೋರಿಹೋಗಿರುತ್ತದೆ. ಆ ಮುಚ್ಚಳ ಎಷ್ಟು ಗಟ್ಟಿ ಎಂದು ಹತ್ತಕ್ಕೆ ಅಂಕ ಹಾಕುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ಐದು ದಾಟಿಸಿದ್ದು ನಾಲ್ಕೇ ಸಲ, ನಾಲ್ಕರಲ್ಲೂ ಎಣ್ಣೆ ಉಕ್ಕಿತ್ತು. ಮಿಕ್ಕವರ ಯೋಜನೆಗಳಿಗೆಲ್ಲ ಕಲ್ಲು ಹಾಕುವವಳೆಂದು ಬೈಸಿಕೊಂಡಿದ್ದಳು.

ಈ ಸಲ ನಕ್ಷೆಯಲ್ಲಿ ಮುಚ್ಚಳವನ್ನು ಸೀಳಿದ ಬಿರುಕು ಎದ್ದು ಕಾಣುತ್ತಿತ್ತು. ಮೂರಕ್ಕಿಂತ ಹೆಚ್ಚು ಕೊಡುವಂತೆಯೇ ಇರಲಿಲ್ಲ. ಆದರೆ ಈ ಬಾವಿ ಕೊರೆಯದಿದ್ದರೆ ಕಚೇರಿಗೇ ಬೀಗ, ಹದಿನಾಲ್ಕು ಜನ ಬೀದಿಪಾಲು. ಒಬ್ಬರ ಮುಲಾಜಿಗೆ ಇನ್ನೊಬ್ಬರು ಬೀಳಬಾರದೆಂದು, ಸಭೆಯಲ್ಲಿ ಯಾರೂ ಬಾಯಿ ಬಿಡುವ ಮೊದಲೇ ಚೀಟಿಯಲ್ಲಿ ತಂತಮ್ಮ ಭಾಗದ ಅಂಕ ಬರೆಯುವುದು ಅಲ್ಲಿನ ರೂಢಿ. ಮ್ಯಾನೇಜರ್ ಬಾಯಿ ಬಿಡಲಿಲ್ಲ, ಕಣ್ಣಲ್ಲೇ ಕೈಮುಗಿದರು. ಅವಳು ಏಳು ಎಂದು ಬರೆದಳು.

ಬರೆದದ್ದು ಕರುಣೆಯಿಂದ, ಒಪ್ಪೋಣ. ಕಲ್ಲಿಗೆ ಅದೆಲ್ಲ ಎಲ್ಲಿ ಅರ್ಥವಾಗಬೇಕು!

ಐದು ತಿಂಗಳಲ್ಲಿ ಬಾವಿ ಮೂರು ಸಾವಿರ ಮೀಟರು ಇಳಿಯಿತು. ಮೇಲೆ ಬಂದ ಕಲ್ಲಿನ ಚೂರುಗಳನ್ನು ಅವಳೇ, ಎಣ್ಣೆಯ ಪಸೆಯನ್ನು ಹೊಳೆಯಿಸಿ ತೋರಿಸುವ ನೇರಳೆ ದೀಪದಡಿ ಹಿಡಿದಳು. ಅಲ್ಲಲ್ಲಿ ಮಂಕಾಗಿ ಹೊಳೆದವು. ಎಣ್ಣೆ ಒಂದು ಕಾಲಕ್ಕೆ ಇತ್ತು, ಬಿರುಕು ಹಿಡಿದು ಹೊರಟುಹೋಗಿತ್ತು. ಉಳಿದದ್ದು ಕಲೆ ಮತ್ತು ಉಪ್ಪುನೀರು. ಆದರೂ ಐದು ತಿಂಗಳ ಅನ್ನವನ್ನಾದರೂ ಉಳಿಸಿಕೊಟ್ಟೆನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕಚೇರಿ ಮುಚ್ಚುವ ವಾರ, ಕಲ್ಲಿನ ಮಾದರಿಗಳನ್ನು ಕಾಯುವ ಉಗ್ರಾಣದವನ ಬಳಿ ಹೋದಳು. ಐವತ್ತು ದಾಟಿದ ಆಳು, ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದ.

"ಅಣ್ಣಾ, ನನ್ನಿಂದ ಹೀಗಾಯ್ತು."

"ಬಿಡಿ ಅಕ್ಕಾ, ಭೂಮಿ ಹೊಟ್ಟೇಲಿ ಏನಿದೆ ಅಂತ ಯಾರಿಗೆ ಗೊತ್ತು? ಸಿಮೆಂಟ್ ಕಾರ್ಖಾನೇಲಿ ಜಾಗ ಖಾಲಿ ಇದೆ, ನಾಳೆನೇ ಬನ್ನಿ ಭಾವ ಅಂತ ನಮ್ಮ ಬಾಮೈದ ಆ ಸಭೆ ನಡೆದ ವಾರಾನೇ ಕರೆದಿದ್ದ. ಬೇರೆ ಯಾರು ಏಳು ಅಂದಿದ್ರೂ ಹೊರಟುಬಿಡ್ತಿದ್ದೆ. ನೀವು ಅಂದ್ರಿ ಅಂತ ಉಳ್ಕೊಂಡೆ. ಈಗ ಆ ಜಾಗಕ್ಕೆ ಬೇರೆಯವರು ಬಂದುಬಿಟ್ಟಿದ್ದಾರೆ."

ಅವಳು ಸುಳ್ಳನ್ನು ಇನ್ನು ಹೊರಲಾರದೆ ಹೇಳಿಬಿಟ್ಟಳು: "ಅದು ಮೂರೇ ಅಂತ ನನಗೆ ಗೊತ್ತಿತ್ತು ಅಣ್ಣಾ."

ಅವನು ಹಗ್ಗ ಬಿಟ್ಟು ಅವಳ ಮುಖ ನೋಡಿದ. ರೇಗಲಿಲ್ಲ.

"ಅಷ್ಟನ್ನ ಅವತ್ತೇ ನನ್ನ ಕಿವೀಲಿ ಹೇಳಿದ್ರೆ ಸಾಕಿತ್ತಲ್ಲ ಅಕ್ಕಾ."