ಸಡ್ಡಕನ ಇಂಜಿನ್ನಿನ ಫೋಟೊ

ಸ್ನೇಹಿತರೇ, ನನ್ನ ಕಾರು ಗ್ಯಾರೇಜಿನಲ್ಲಿದೆ. ಕಾರಣ ಹುನಗುಂದದ ನನ್ನ ಸಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ.

ನಿನ್ನೆ ಬೆಳಿಗ್ಗೆ ಅವನು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಬಾನೆಟ್ ತೆರೆದ ಕಾರಿನ ಫೋಟೊ ಹಾಕಿದ್ದ. ಇಂಜಿನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಕೊಡದಂತೆ ಹೊಳೆಯುತ್ತಿತ್ತು. ಹೆಂಡತಿ ಅದನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿ, "ಮಾಮಾರು ಎಷ್ಟ ಸ್ವಚ್ಛ ಇಟ್ಟಾರ ನೋಡ್ರಿ. ನಮ್ಮದರಾಗ ಇಳಕಲ್ಲಿನ ಗ್ರಾನೈಟ್ ಪುಡಿ ಎಲ್ಲಾ ಬಂದು ಕುಂತೈತಿ" ಅಂದಳು. ರಾತ್ರಿ ರೊಟ್ಟಿ ಇಳಿಯಲಿಲ್ಲ.

ಇವತ್ತು ಬೆಳಿಗ್ಗೆ ನಾನೂ ಬಾನೆಟ್ ಎತ್ತಿ, ಪೈಪು ಹಿಡಿದು ಮೂಲೆಮೂಲೆಗೆ ನೀರು ಹೊಡೆದೆ. ಇಂಜಿನ್ನು ಹೊಳೆಯಿತು. ಕೀಲಿ ತಿರುಗಿಸಿದರೆ ಮಾತ್ರ ಚಳಿಜ್ವರ ಬಂದವರಂತೆ ನಡುಗಿ ನಿಂತುಹೋಯಿತು.

ಪಕ್ಕದ ಮನೆಯ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆಸಿದೆ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೋಡಿ, "ನೀರು ತುಂಬೈತ್ರಿ. ನಿಮ್ಮ ಸಡ್ಡಕರೂ ಹಿಂಗ ತೊಳದು ನಿನ್ನೆ ಮಧ್ಯಾಹ್ನ ಇಲ್ಲೇ ಬಂದಿದ್ರು" ಅಂದ.

ಹೊಟ್ಟೆಯೊಳಗಿನ ಉರಿಗೆ ಯಾರೋ ತಂಬಿಗೆ ನೀರು ಸುರಿದಂತಾಯಿತು. "ಅವ್ರದೂ ಎಳಕೊಂಡ ಬಂದಿದ್ರೇನು?" ಎಂದು ಆಸೆಯಿಂದ ಕೇಳಿದೆ.

"ಇಲ್ರಿ, ಕಾರು ನಡುಗಾಕತ್ತಿದ್ರೂ ತಾವ ಹೊಡಕೊಂಡ ಬಂದ್ರು. ಅರ್ಧಾ ತಾಸಿನ್ಯಾಗ ಒಣಗಿಸಿ ಕೊಟ್ಟೆ. ನಿಮ್ಮದು ನಾಳಿತನಕ ಇಲ್ಲೇ ಇರಲಿ."

ಕೆಟ್ಟ ಕಾರಿನಲ್ಲೇ ಹುನಗುಂದದಿಂದ ಇಳಕಲ್ಲಿಗೆ ಬಂದಿದ್ದಾನೆ. ನನ್ನದು ಅಂಗಳವನ್ನೇ ದಾಟಲಿಲ್ಲ. ಕೆಡುವುದರಲ್ಲೂ ಅವನ ಕಾರೇ ಒಂದು ಕೈ ಮೇಲು.